ಎಪ್ಪತ್ತೈದು ಸಾವಿರ ಜಾಸ್ತಿ ಯಾಕೆ ಕೊಡಬೇಕು? ಅಕ್ಕನ ಐಕ್ಯೂಬ್, ನನ್ನ 450ಎಕ್ಸ್

ನನ್ನ ಹತ್ತಿರ ಇರುವುದು ಏಥರ್ 450ಎಕ್ಸ್ ಎಲೆಕ್ಟ್ರಿಕ್ ಸ್ಕೂಟರ್, 3.7 ಕಿಲೋವ್ಯಾಟ್-ಅವರ್ (ಅಂದರೆ 3.7 ಯೂನಿಟ್ ಕರೆಂಟ್ ಹಿಡಿಯುವ) ಬ್ಯಾಟರಿಯದು. ಪಕ್ಕದ ಬೀದಿಯಲ್ಲೇ ಇರುವ ಅಕ್ಕನದು ಟಿವಿಎಸ್ ಐಕ್ಯೂಬ್, 2.2 ಬ್ಯಾಟರಿಯದು. ಇನ್ಶೂರೆನ್ಸ್, ರಿಜಿಸ್ಟ್ರೇಷನ್, ಸಾಫ್ಟ್‌ವೇರ್ ಪ್ಯಾಕ್ ಎಲ್ಲ ಸೇರಿ ನನ್ನದಕ್ಕೆ 1.88 ಲಕ್ಷ ಆಯಿತು. ಅಕ್ಕನದಕ್ಕೆ 1.13 ಲಕ್ಷ. ಅಂದರೆ 75 ಸಾವಿರ ವ್ಯತ್ಯಾಸ.

ಹಬ್ಬದ ದಿನ ಊಟ ಮಾಡಿ ಕೂತಿದ್ದಾಗ ಅಕ್ಕ ಕೇಳಿದಳು. "ಅಷ್ಟು ದುಡ್ಡಿಗೆ ನಿನ್ನ ಗಾಡಿ ಏನು ಜಾಸ್ತಿ ಮಾಡುತ್ತೆ, ಹೇಳು ನೋಡೋಣ." ನಾನು ಪಿಕಪ್ ಅಂದೆ. "ತುಮಕೂರಲ್ಲಿ ಪಿಕಪ್ ಇಟ್ಕೊಂಡು ಏನೋ ಮಾಡ್ತೀಯಾ?" ಅಂದಳು. ಸರಿಯಾದ ಪ್ರಶ್ನೆ. ಬಾಯಿಮಾತಿನಲ್ಲಿ ಉತ್ತರ ಹೇಳಿದರೆ ಆಗಲ್ಲ ಅನ್ನಿಸಿತು. ಮೂರು ವಾರ ಗಾಡಿ ಅದಲುಬದಲು ಮಾಡಿಕೊಂಡೆವು. ಅವಳು ನನ್ನದು ಓಡಿಸಿದಳು, ನಾನು ಅವಳದು.

ಇಬ್ಬರ ಓಡಾಟವೂ ಬೇರೆ ಬೇರೆ. ಅಕ್ಕ ಟೀಚರ್. ಮನೆ, ಸ್ಕೂಲು, ಮಂಡಿಪೇಟೆ, ಮಗಳ ಟ್ಯೂಷನ್. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಆದರೆ ಹೆಚ್ಚು. ನನ್ನ ಕೆಲಸ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ. ಹೋಗಿ ಬರಲು ಹೆಚ್ಚುಕಡಿಮೆ 40 ಕಿಲೋಮೀಟರ್. ಅದರಲ್ಲಿ ಮುಕ್ಕಾಲು ಭಾಗ ಶಿರಾ ಕಡೆಯ ಹೈವೇ.

ಮೊದಲು ಕಾಗದದ ಮೇಲಿನ ಲೆಕ್ಕ ಹೇಳಿಬಿಡುತ್ತೇನೆ. 450ಎಕ್ಸ್ ಮೋಟಾರ್ 6.4 ಕಿಲೋವ್ಯಾಟ್‌ವರೆಗೆ ಶಕ್ತಿ ಕೊಡುತ್ತದೆ. ಐಕ್ಯೂಬ್‌ನದು 4.4. ಸೊನ್ನೆಯಿಂದ ಗಂಟೆಗೆ 40 ಕಿಲೋಮೀಟರ್ ವೇಗ ಮುಟ್ಟಲು ನನ್ನದು 3.3 ಸೆಕೆಂಡ್, ಅಕ್ಕನದು 4.2. ಟಾಪ್ ಸ್ಪೀಡ್ ನನ್ನದು 90, ಅವಳದು 75. ನನ್ನದರಲ್ಲಿ ಮೋಟಾರ್ ಮಧ್ಯದಲ್ಲಿದ್ದು ಬೆಲ್ಟ್ ಮೂಲಕ ಚಕ್ರ ತಿರುಗಿಸುತ್ತದೆ. ಐಕ್ಯೂಬ್‌ನಲ್ಲಿ ಮೋಟಾರ್ ಹಿಂದಿನ ಚಕ್ರದ ಒಳಗೇ ಇದೆ. ನನ್ನದಕ್ಕೆ ಎರಡೂ ಕಡೆ ಡಿಸ್ಕ್ ಬ್ರೇಕ್, ಅವಳದಕ್ಕೆ ಮುಂದೆ ಡಿಸ್ಕ್, ಹಿಂದೆ ಡ್ರಮ್.

ಊರೊಳಗೆ ಈ ಸಂಖ್ಯೆಗಳಿಗೆ ಹೆಚ್ಚು ಬೆಲೆ ಇಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ನಾಲ್ಕು ದಿನ ಬೇಕಾಯಿತು. ಬಿ.ಎಚ್. ರಸ್ತೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಯಾವ ಗಾಡಿಯಾದರೂ ಮೂವತ್ತರಲ್ಲೇ ಹೋಗಬೇಕು. ಆಟೋ, ಸಿಟಿ ಬಸ್, ಕಾಲೇಜು ಮಕ್ಕಳು. ಸಿಗ್ನಲ್ ಬಿಟ್ಟ ತಕ್ಷಣ ಐಕ್ಯೂಬ್ ಕೂಡ ಪೆಟ್ರೋಲ್ ಸ್ಕೂಟರ್‌ಗಳಿಗಿಂತ ಮುಂದೆ ಹೋಗುತ್ತದೆ, ಸದ್ದಿಲ್ಲದೆ. ಒಂದು ಸೆಕೆಂಡ್ ಬೇಗ 40 ಮುಟ್ಟಿದರೆ ಮುಂದಿನ ಸಿಗ್ನಲ್‌ನಲ್ಲಿ ಒಂದು ಸೆಕೆಂಡ್ ಜಾಸ್ತಿ ಕಾಯಬೇಕು, ಅಷ್ಟೆ ಅಲ್ವಾ?

ಅಕ್ಕನ ಕಡೆಯಿಂದ ಬಂದ ವರದಿ ಇನ್ನೂ ನೇರವಾಗಿತ್ತು. ಮೊದಲ ಶನಿವಾರವೇ ಫೋನ್ ಮಾಡಿದಳು. ಮಂಡಿಪೇಟೆಯಲ್ಲಿ 25 ಕೇಜಿ ಅಕ್ಕಿ ಮೂಟೆ ತಗೊಂಡಿದ್ದಳು. ಐಕ್ಯೂಬ್‌ನಲ್ಲಿ ಕಾಲಿಡುವ ಜಾಗ ಅಗಲ. ಮೂಟೆ ಅಡ್ಡಡ್ಡ ಮಲಗುತ್ತದೆ, ಎರಡು ಕಾಲೂ ಪಕ್ಕದಲ್ಲಿ ಹಿಡಿಸುತ್ತವೆ. 450ಎಕ್ಸ್‌ನಲ್ಲಿ ಅದೇ ಮೂಟೆಯನ್ನು ಅಂಗಡಿ ಹುಡುಗ ನಿಲ್ಲಿಸಿ ಕೊಟ್ಟನಂತೆ. ಮಂಡಿ ಎರಡೂ ಹೊರಗೆ ಚಾಚಿಕೊಂಡು, ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಮೂಟೆಗೆ ತಾಗುತ್ತಾ ಮನೆಗೆ ಬಂದಳು. ಡಿಕ್ಕಿಯೂ ಹಾಗೇ. ನನ್ನದರಲ್ಲಿ 22 ಲೀಟರ್ ಜಾಗ. ಅವಳದರಲ್ಲಿ 30ರ ಆಸುಪಾಸು. ಟಿಫನ್ ಕ್ಯಾರಿಯರ್, ಮಕ್ಕಳ ನೋಟ್‌ಬುಕ್ ಕಟ್ಟು, ರೇನ್‌ಕೋಟ್ ಮೂರೂ ಹಿಡಿಸುವುದು ಅವಳ ಗಾಡಿಯಲ್ಲಿ ಮಾತ್ರ. ಅವಳು 75 ಸಾವಿರ ಜಾಸ್ತಿ ಕೊಟ್ಟರೆ ಅವಳಿಗೆ ಸಿಗುವುದು ಕಮ್ಮಿ ಜಾಗ. ಇದಕ್ಕೆ ನಾನು ಏನು ಉತ್ತರ ಹೇಳಲಿ?

ಈಗ ಹೈವೇ ವಿಷಯ.

ಎರಡನೇ ವಾರದ ಒಂದು ಸಂಜೆ. ಶಿಫ್ಟ್ ಮುಗಿಸಿ ಐಕ್ಯೂಬ್‌ನಲ್ಲಿ ವಾಪಸ್ ಬರುತ್ತಿದ್ದೆ. ಊರುಕೆರೆಗೆ ಇನ್ನೂ ಸ್ವಲ್ಪ ದೂರ. ಮುಂದೆ ತೆಂಗಿನ ಸಿಪ್ಪೆ ತುಂಬಿದ ಲಾರಿ. ಹೊರೆ ಬಾಡಿಗಿಂತ ಎರಡಡಿ ಆಚೆ ಚಾಚಿತ್ತು. ನಾರು, ಧೂಳು ಎಲ್ಲ ಹಾರಿ ಬಂದು ಹೆಲ್ಮೆಟ್ ಗಾಜಿಗೆ ಬಡಿಯುತ್ತಿತ್ತು. ಲಾರಿ 58–60ರಲ್ಲಿ ಹೋಗುತ್ತಿತ್ತು. ನಾನು ಇಂಡಿಕೇಟರ್ ಹಾಕಿ ಬಲಕ್ಕೆ ಬಂದೆ. 62, 64, 66. ಅಲ್ಲಿಂದ ಮುಂದೆ ಅಂಕಿ ಏರುವುದು ನಿಧಾನ. ಎದುರುಗಾಳಿ ಬೇರೆ. ಲಾರಿಯ ಹಿಂದಿನ ಚಕ್ರ, ಡೀಸೆಲ್ ಟ್ಯಾಂಕ್, ಕ್ಲೀನರ್ ಕೂತ ಬಾಗಿಲು, ಒಂದೊಂದೇ ಪಕ್ಕದಲ್ಲಿ ಸರಿದವು. ಹಿಂದಿನಿಂದ ಬಸ್ಸಿನವನು ಲೈಟ್ ಹಾಕಿ ಹಾರ್ನ್ ಹೊಡೆಯುತ್ತಿದ್ದ. ಚಾರ್ಜ್ ಆಗ ಶೇ. 45 ಇತ್ತು. ಲಾರಿಯ ಮುಂದಕ್ಕೆ ಬಂದು ಎಡಕ್ಕೆ ಸೇರುವಷ್ಟರಲ್ಲಿ ಅಂಗೈ ಬೆವರಿತ್ತು.

ಅದೇ ಜಾಗದಲ್ಲಿ 450ಎಕ್ಸ್ ಇದ್ದರೆ 60ರಿಂದ 80ಕ್ಕೆ ಹೋಗಲು ಕೈ ಸ್ವಲ್ಪ ತಿರುಗಿಸಿದರೆ ಸಾಕು. ಲಾರಿ ಪಕ್ಕದಲ್ಲಿ ಇರುವ ಹೊತ್ತು ಅರ್ಧಕ್ಕಿಂತ ಕಮ್ಮಿ. ದಿನಾ ನಾನು 90ರಲ್ಲಿ ಹೋಗಲ್ಲ, ಹೋಗಲೂಬಾರದು. ನನ್ನ ಮಾಮೂಲು ವೇಗ 60–65. ಆದರೆ ಆ 65ರ ಮೇಲೆ ಇನ್ನೂ 25 ಬಾಕಿ ಇದೆ ಅನ್ನುವುದೇ ಧೈರ್ಯ. ಐಕ್ಯೂಬ್‌ನಲ್ಲಿ 65ರ ಮೇಲೆ ಬಾಕಿ ಇರುವುದು ಹತ್ತು ಮಾತ್ರ. ಅದೂ ಸಮತಟ್ಟು ರಸ್ತೆ, ಒಬ್ಬರೇ ಸವಾರ, ಚಾರ್ಜ್ ಚೆನ್ನಾಗಿ ಇದ್ದರೆ. ಜಾಹೀರಾತಿನಲ್ಲಿ ಸೊನ್ನೆಯಿಂದ 40 ಅಂತ ತೋರಿಸುತ್ತಾರೆ. ನಾವು ನೋಡಬೇಕಾದದ್ದು 55ರಿಂದ 75. ಬ್ರೇಕ್ ಕೂಡ ಇದೇ ಲೆಕ್ಕದಲ್ಲಿ ಬರುತ್ತದೆ. ಡಿವೈಡರ್ ಸಂದಿಯಿಂದ ನಾಯಿ ನುಗ್ಗಿದಾಗ ಹಿಂದಿನ ಡಿಸ್ಕ್ ಕೊಡುವ ಹಿಡಿತ ಎಷ್ಟು ಬೆಲೆಯದು ಅಂತ ಆ ರಸ್ತೆಯಲ್ಲಿ ಓಡಾಡುವವರಿಗೆ ಗೊತ್ತು.

ಇಲ್ಲಿ ಇನ್ನೊಂದು ಮಾತು ಇದೆ. ವೇಗ ಜಾಸ್ತಿ ಆದಷ್ಟೂ ಬ್ಯಾಟರಿ ಬೇಗ ಕರಗುತ್ತದೆ. ಗಾಳಿ ಎದುರು ತಳ್ಳುವ ಒತ್ತಡ 40ರಲ್ಲಿ ಇರುವುದಕ್ಕಿಂತ 80ರಲ್ಲಿ ನಾಲ್ಕು ಪಟ್ಟು. ನನ್ನ ಗಾಡಿ ಊರೊಳಗೆ ಕಿಲೋಮೀಟರ್‌ಗೆ 28 ವ್ಯಾಟ್-ಅವರ್ (ಸಾವಿರ ಸೇರಿದರೆ ಒಂದು ಯೂನಿಟ್) ತಿನ್ನುತ್ತದೆ. ಹೈವೇಯಲ್ಲಿ 70–75ರಲ್ಲಿ ಹೋದರೆ 41. ಅಂದರೆ ಊರಲ್ಲಿ 130 ಕಿಲೋಮೀಟರ್ ಹೋಗುವ ಗಾಡಿ ಹೈವೇಯಲ್ಲಿ 90ಕ್ಕೇ ಸುಸ್ತು. ಹಾಗಾಗಿ ಜೋರು ಮೋಟಾರ್ ಹಾಕಿ ಚಿಕ್ಕ ಬ್ಯಾಟರಿ ಕೊಟ್ಟರೆ ಪ್ರಯೋಜನವಿಲ್ಲ. ನಾನು ಕೊಟ್ಟ 75 ಸಾವಿರದಲ್ಲಿ ದೊಡ್ಡ ಪಾಲು ಹೋಗಿರುವುದು ಪಿಕಪ್‌ಗಲ್ಲ, ಬ್ಯಾಟರಿಗೆ ಅನ್ನುವುದು ನನ್ನ ಅಭಿಪ್ರಾಯ. ಐಕ್ಯೂಬ್‌ನಲ್ಲಿ ಶೇ. 100 ಚಾರ್ಜ್ ಇಟ್ಟುಕೊಂಡು ಹೊರಟರೆ ಫ್ಯಾಕ್ಟರಿಗೆ ಹೋಗಿ ಮನೆಗೆ ಬರುವಾಗ ಶೇ. 30–32 ಉಳಿಯುತ್ತಿತ್ತು. ಸಾಕು. ಆದರೆ ಒಂದು ದಿನ ಸಂಜೆ ಹಾಗೇ ಕೊರಟಗೆರೆಗೆ ಸಾವಿನ ಮನೆಗೆ ಹೋಗಬೇಕಾಯಿತು. ಗಾಡಿ ಮನೆಯಲ್ಲಿ ಬಿಟ್ಟು ಬಸ್ ಹತ್ತಿದೆ. ನನ್ನದು ಇದ್ದಿದ್ದರೆ ನೇರವಾಗಿ ಹೋಗಿಬರುತ್ತಿದ್ದೆ.

ಬೆಟ್ಟ ಹತ್ತಿಸಿ ನೋಡದೆ ತುಮಕೂರಿನವರಿಗೆ ಗಾಡಿ ಪರೀಕ್ಷೆ ಮುಗಿಯಲ್ಲ. ಒಂದು ಭಾನುವಾರ ಎರಡೂ ಗಾಡಿ ದೇವರಾಯನದುರ್ಗಕ್ಕೆ ಹೊರಟವು. ಅಕ್ಕ ಭಾವ 450ಎಕ್ಸ್‌ನಲ್ಲಿ, ನಾವಿಬ್ಬರು ಐಕ್ಯೂಬ್‌ನಲ್ಲಿ. ನಾಮದ ಚಿಲುಮೆ ಹತ್ತಿರ ನಿಲ್ಲಿಸಿ ನೀರು ಕುಡಿದು ಮುಂದೆ ಹೋದೆವು. ಇಲ್ಲಿ ನನ್ನ ಗಾಡಿ ಬಹಳ ಮುಂದೆ ಹೋಗುತ್ತೆ ಅಂದುಕೊಂಡಿದ್ದೆ. ಹಾಗೆ ಆಗಲಿಲ್ಲ. ತಿರುವುಗಳಲ್ಲಿ ಯಾರೂ 35ಕ್ಕಿಂತ ಜೋರಾಗಿ ಹೋಗಲಾಗಲ್ಲ. ಆ ವೇಗಕ್ಕೆ ಇಬ್ಬರನ್ನು ಹೊತ್ತು ಏರಲು ಐಕ್ಯೂಬ್ ಮೋಟಾರ್ ಸಾಕು. ಭೋಗನರಸಿಂಹನ ಗುಡಿ ದಾಟಿದ ಮೇಲಿನ ಕಡಿದಾದ ಏರಿನಲ್ಲಿ ಮಾತ್ರ 27ಕ್ಕೆ ಇಳಿಯಿತು. ಭಾವ ಮೇಲೆ ನಮಗಾಗಿ ಕಾದದ್ದು ಎರಡು ನಿಮಿಷವೂ ಇಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಊರಿನಿಂದ ಬೆಟ್ಟದ ಮೇಲಕ್ಕೆ ಏರು ಸುಮಾರು 350 ಮೀಟರ್. ಇಬ್ಬರನ್ನೂ ಗಾಡಿಯನ್ನೂ ಸೇರಿಸಿ 250 ಕೇಜಿ ಅಂತ ಇಟ್ಟುಕೊಳ್ಳಿ. ಅಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಕರೆಂಟ್ ಕಾಲು ಯೂನಿಟ್‌ಗಿಂತ ಕಮ್ಮಿ! ಬೆಟ್ಟಕ್ಕಿಂತ ಹೈವೇಯ ಗಾಳಿಯೇ ಬ್ಯಾಟರಿಗೆ ದೊಡ್ಡ ಭಾರ.

ದುಡ್ಡಿನ ಲೆಕ್ಕದಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಪೆಟ್ರೋಲ್ ಉಳಿತಾಯ ತೋರಿಸಿ ದುಬಾರಿ ಗಾಡಿ ಸಮರ್ಥಿಸುತ್ತಾರೆ. ಶೋರೂಮ್‌ನಲ್ಲೂ ಹೀಗೇ ಹೇಳುತ್ತಾರೆ. ನನ್ನ ಹಳೇ 125 ಸಿಸಿ ಸ್ಕೂಟರ್ 45 ಕೊಡುತ್ತಿತ್ತು. ತಿಂಗಳಿಗೆ ಸಾವಿರ ಕಿಲೋಮೀಟರ್‌ಗೆ 22 ಲೀಟರ್, ಅಂದರೆ 2,200 ರೂಪಾಯಿ ದಾಟುತ್ತಿತ್ತು. ಈಗ ಚಾರ್ಜಿಂಗ್‌ಗೆ 45 ಯೂನಿಟ್, ಯೂನಿಟ್‌ಗೆ 6 ರೂಪಾಯಿ ಹಿಡಿದರೂ 270. ಒಳ್ಳೆಯ ಉಳಿತಾಯವೇ. ಆದರೆ ಐಕ್ಯೂಬ್ ತಗೊಂಡಿದ್ದರೂ ಇಷ್ಟೇ ಉಳಿಯುತ್ತಿತ್ತು! ಈ ಉಳಿತಾಯ ಎಲೆಕ್ಟ್ರಿಕ್ ಗಾಡಿಯ ಅಸಲು ಬೆಲೆಯನ್ನು ತೀರಿಸುತ್ತದೆ. ಮೇಲಿನ 75 ಸಾವಿರವನ್ನು ತೀರಿಸಲ್ಲ. ಅದು ಬೇರೆಯೇ ಖರ್ಚು, ಬೇರೆಯೇ ಕಾರಣಕ್ಕೆ ಮಾಡುವ ಖರ್ಚು. ಎಂಟು ವರ್ಷ ಗಾಡಿ ಇಟ್ಟುಕೊಂಡರೆ ಕೆಲಸದ ದಿನಕ್ಕೆ ಸುಮಾರು 30 ರೂಪಾಯಿ ಬೀಳುತ್ತದೆ. ಆ ಲಾರಿ ಪಕ್ಕದಿಂದ ಬೇಗ ದಾಟಲು ದಿನಕ್ಕೆ 30 ರೂಪಾಯಿ ಕೊಡಲು ನಾನು ತಯಾರು. ಅಕ್ಕ ಆ ಲಾರಿಯ ಪಕ್ಕಕ್ಕೇ ಹೋಗಲ್ಲ. ಅವಳು ಯಾಕೆ ಕೊಡಬೇಕು?

ಗೃಹಜ್ಯೋತಿ ಇರುವ ಮನೆಯವರು ಒಂದು ವಿಷಯ ಗಮನಿಸಿ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಮ್ಮ ಮನೆಯದು 150ರ ಸುತ್ತ ಇರುತ್ತಿತ್ತು. ನನ್ನ ಸ್ಕೂಟರ್‌ನ 45 ಸೇರಿ 195. ಏಪ್ರಿಲ್ ಸೆಕೆಗೆ ಫ್ಯಾನ್ ರಾತ್ರಿಯೆಲ್ಲ ತಿರುಗಿ 200 ದಾಟಿತು, ಇಡೀ ಬಿಲ್ ಬಂತು. ಅಕ್ಕನ ಮನೆಗೆ ಸ್ಕೂಟರ್‌ನಿಂದ ಸೇರುವುದು ಹತ್ತು ಹನ್ನೆರಡು ಯೂನಿಟ್. ಹಳೇ ಮನೆಯಾದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಕೂಡ ನೋಡಿಸಿ.

ಇನ್ನೂ ಮೇಲಿನ ಗಾಡಿಗಳೂ ಇವೆ. ಏಥರ್‌ನದೇ 450 ಅಪೆಕ್ಸ್ 7 ಕಿಲೋವ್ಯಾಟ್, 100ರವರೆಗೆ ಹೋಗುತ್ತದೆ. ಟೆಸ್ಟ್ ರೈಡ್ ಮಾಡಿದೆ. ಚೆನ್ನಾಗಿದೆ. ಆದರೆ 90ರಿಂದ 100 ನನ್ನ ರಸ್ತೆಯಲ್ಲಿ ಎಲ್ಲೂ ಉಪಯೋಗಕ್ಕೆ ಬರಲ್ಲ. ಮಧ್ಯದ ದಾರಿ ಅಂದರೆ ಏಥರ್ 2024ರಲ್ಲಿ ತಂದ ರಿಜ್ಟಾ. 80ರವರೆಗೆ ವೇಗ, 3.7ರ ದೊಡ್ಡ ಬ್ಯಾಟರಿಯಲ್ಲೂ ಸಿಗುತ್ತದೆ, ಡಿಕ್ಕಿ ದೊಡ್ಡದು. ಜೋರಿಗೆ ಹೆಸರಾದ ಕಂಪನಿಯೇ ಮನೆಮಂದಿಗೆ ಅಂತ ಬೇರೆ ಗಾಡಿ ಮಾಡಿತು.

ಬೆಲೆ ನೋಡುವಾಗ ಹಳೇ ಪೋಸ್ಟ್, ಹಳೇ ವಿಡಿಯೋ ನಂಬಬೇಡಿ. 2023ರ ಜೂನ್‌ಗೆ ಮುಂಚೆ ಕೇಂದ್ರದ ಸಬ್ಸಿಡಿ ಕಿಲೋವ್ಯಾಟ್-ಅವರ್‌ಗೆ 15 ಸಾವಿರ ಇತ್ತು, ಗಾಡಿ ಬೆಲೆಯ ಶೇ. 40ರವರೆಗೆ. ಆಮೇಲೆ ಅದು 10 ಸಾವಿರಕ್ಕೆ, ಶೇ. 15ಕ್ಕೆ ಇಳಿಯಿತು. 2024ರಲ್ಲಿ ಇನ್ನೂ ಕಮ್ಮಿ ಆಯಿತು. ದೊಡ್ಡ ಬ್ಯಾಟರಿ ಗಾಡಿಗಳಿಗೆ ಏಟು ಬಿದ್ದದ್ದು ಆಗಲೇ.

ಸರ್ವಿಸ್ ಬಗ್ಗೆ ಒಂದೇ ಮಾತು. ನನ್ನ ಜೊತೆ ಕೆಲಸ ಮಾಡುವ ಹುಡುಗ ಈ ಎರಡೂ ಅಲ್ಲದ ಬೇರೆ ಕಂಪನಿಯ ಜೋರಾದ ಸ್ಕೂಟರ್ ತಗೊಂಡ. ಒಂದು ಪಾರ್ಟ್‌ಗಾಗಿ ಗಾಡಿ 40 ದಿನ ನಿಂತಿತು. ಆ 40 ದಿನವೂ ಇಎಂಐ ಕಟ್ಟಿದ. ದುಬಾರಿ ಗಾಡಿ ತಗೊಳ್ಳುವ ಮುಂಚೆ ತುಮಕೂರಲ್ಲೇ ಸರ್ವಿಸ್ ಇದೆಯಾ, ಅಲ್ಲಿ ಎಷ್ಟು ಗಾಡಿ ಧೂಳು ಹಿಡಿದು ನಿಂತಿವೆ ಅಂತ ಹೋಗಿ ಕಣ್ಣಾರೆ ನೋಡಿ.

ಮೂರು ವಾರ ಮುಗಿದು ಕೀ ವಾಪಸ್ ಕೊಡುವಾಗ ಅಕ್ಕ ತನ್ನ ಗಾಡಿಯ ಸೀಟು ಒರೆಸಿ ತಗೊಂಡಳು. ನಾನು ಮರುದಿನ ಬೆಳಿಗ್ಗೆ ನನ್ನದರಲ್ಲಿ ಶಿರಾ ಗೇಟ್ ದಾಟಿದೆ.

ಈಗ ಭಾವನ ತಮ್ಮನಿಗೆ ಡಾಬಸ್‌ಪೇಟೆಯಲ್ಲಿ ಕೆಲಸ ಸಿಕ್ಕಿದೆ. ಅವನಿಗೂ ದಿನಾ ಹೈವೇ. ರಿಜ್ಟಾ ತಗೊಳ್ಳಲಾ, 450ಎಕ್ಸ್ ತಗೊಳ್ಳಲಾ ಅಂತ ಕೇಳುತ್ತಿದ್ದಾನೆ. ಶನಿವಾರ ಸಂಜೆ ಟೆಸ್ಟ್ ರೈಡ್ ಇದೆ. ಶೋರೂಮ್ ಮುಂದೆ ಒಂದು ಸುತ್ತು ಸಾಲದು, ಕ್ಯಾತ್ಸಂದ್ರ ದಾಟಿ ಹೈವೇಗೆ ಬಿಡಿ ಅಂತ ಮೊದಲೇ ಕೇಳಿಟ್ಟಿದ್ದೇವೆ. ಹಿಂದೆ ನಾನು ಕೂರುತ್ತೇನೆ.