ಬಲ್ಕ್ ಎಸ್ಸೆಮ್ಮೆಸ್, ಈಮೇಲ್ ಸರ್ವೀಸ್: ಬಳ್ಳಾರಿ ಜೀನ್ಸ್ ಅಂಗಡಿಯವ್ನ ರಿವ್ಯೂ, ಮೂರೂವರೆ ಸ್ಟಾರ್

ನಮ್ದು ಬಳ್ಳಾರ್ಯಾಗ ಜೀನ್ಸ್ ಅಂಗಡಿ, ಜೊತಿಗೆ ಹೋಲ್‌ಸೇಲೂ ಐತಿ. ಚಿಲ್ಲರೆ ಗಿರಾಕಿಗೆ ಎಸ್ಸೆಮ್ಮೆಸ್ಸು, ಹೊರಗಿನ ಡೀಲರ್‌ಗಳಿಗೆ ಹೊಸ ಡಿಸೈನ್ ಬಂದಾಗ ಈಮೇಲು, ಎರಡೂ ಒಂದೇ ಸರ್ವೀಸ್‌ನಿಂದ ಕಳಿಸಾಕ ಹತ್ತಿ ಎರಡು ವರ್ಷದ ಮ್ಯಾಲಾತು. ಕಂಪನಿ ಹೆಸರು ಬರಿಯಂಗಿಲ್ಲ, ಸಣ್ಣ ಹುಡುಗ್ರು ನಡಸ್ತಾರ, ನಾನು ಬೈಯೋದೂ ಐತಿ.

ಮೊದ್ಲ ಒಳ್ಳೇದು. ಇದ್ರಾಗ ಎಕ್ಸೆಲ್ ಶೀಟ್ ಎತ್ತಿ ಹಾಕಿ ಸೆಂಡ್ ಒತ್ತಾಕ ಬರಂಗಿಲ್ಲ. ಪ್ರತಿ ನಂಬರಿನ ಮುಂದ ಈ ಮನಿಷ ಯಾವಾಗ ಒಪ್ಪಿದ, ಎಲ್ಲಿ ಒಪ್ಪಿದ, ಏನಕ್ಕ ಒಪ್ಪಿದ ಅಂತ ತುಂಬಬೇಕು, ಖಾಲಿ ಬಿಟ್ರ ಆ ನಂಬರ್ ಒಳಗ ಹೋಗಂಗಿಲ್ಲ. ಶುರುನಾಗ ತಲಿ ಕೆಡ್ತಿತ್ತು, ಈಗ ಅನಸ್ತತಿ ನಾವು ರೊಕ್ಕ ಕೊಡೋದ ಇದಕ್ಕ ಅಂತ. "ಬಳ್ಳಾರಿ ಹೊಸಪೇಟೆ ನಂಬರ್ ಡೇಟಾ ಐತ್ರಿ ಸರ್, ಅಗ್ಗಕ್ಕ ಕೊಡ್ತೀವಿ" ಅಂತ ಫೋನ್ ಮಾಡೋರು ಭಾಳ ಮಂದಿ ಅದಾರ, ಅಂಥ ಮಾಲು ಇದ್ರಾಗ ನಡಿಯಂಗಿಲ್ಲ.

ಕೌಂಟರ್‌ನ್ಯಾಗ ಇಡೋ ಚೀಟಿ ಸೈತ ಅವ್ರ ಕೊಟ್ಟಿದ್ದು. ಬಿಲ್ ಮೆಸೇಜಿಗೆ ಒಂದು ಟಿಕ್, ಆಫರ್ ಮೆಸೇಜಿಗೆ ಬ್ಯಾರೆ ಟಿಕ್. ಮಂದಿಯ ಖಾಸಗಿ ಮಾಹಿತಿ ಕಾಯೋ 2023ರ ಡೇಟಾ ಕಾಯ್ದೆ ಹೇಳೋದೂ ಅದ, ಯಾವ ಕೆಲಸಕ್ಕ ಕೇಳಿ ತಗೊಂಡಿರ್ತೀರೋ ಆ ಕೆಲಸಕ್ಕಷ್ಟ ಬಳಸ್ರಿ, ಒಪ್ಪಿಗಿ ಕೊಡೋದು ಎಷ್ಟು ಸುಲಭ ಇತ್ತೋ ವಾಪಸ್ ತಗೊಳ್ಳೋದೂ ಅಷ್ಟ ಸುಲಭ ಇರ್ಬೇಕು, ಮಾಹಿತಿ ಯಾಕ ತಗೊಂತೀವಿ ಅಂತ ಹೇಳೋ ನೋಟಿಸು ಮಂದಿ ಕೇಳಿದ್ರ ಕನ್ನಡದಾಗೂ ಸಿಗಬೇಕು. ರೂಲ್ಸ್ 2025ರ ನವೆಂಬರ್‌ನ್ಯಾಗ ಬಂದ್ವು, ಪೂರ್ತಿ ಜಾರಿಗೆ ಅಲ್ಲಿಂದ 18 ತಿಂಗಳು ಟೈಮ್ ಕೊಟ್ಟಾರ. ಆವಾಗ ನೋಡಿದ್ರಾತು ಅಂತ ಕುಂತ ಅಂಗಡಿಯವ್ರೂ ನನಗ ಗೊತ್ತದಾರ. ಇರ್ಲಿ.

ಫೋನ್ ಕಂಪನಿಗಳ ಮ್ಯಾಲಿನ ನಿಯಂತ್ರಕ ಟ್ರಾಯ್‌ದು 2018ರ ರೂಲು ಐತಿ, ಅದರ ಪ್ರಕಾರ ರಿಜಿಸ್ಟರ್ ಮಾಡೋ ವ್ಯವಸ್ಥೆಗೆ ಡಿಎಲ್‌ಟಿ ಅಂತಾರ. ಹೆಡರ್ರೂ (ಕಳಿಸಿದೋರ ಹೆಸರು) ಟೆಂಪ್ಲೇಟೂ (ಮೆಸೇಜಿನ ನಮೂನಿ) ಮೊದ್ಲ ರಿಜಿಸ್ಟರ್ ಆಗಬೇಕು. ಬಿಲ್ ಮೆಸೇಜಿನ ಬಾಲಕ್ಕ "ಯುಗಾದಿ ಆಫರ್ ನೋಡ್ರಿ" ಅಂತ ಸೇರಿಸಿದ್ರ ಅದು ಬಿಲ್ ಆಗಿ ಉಳಿಯಂಗಿಲ್ಲ, ಪ್ರೊಮೋಷನ್ ಆಗ್ತತಿ, ಈ ಸರ್ವೀಸಿನೋರು ಟೆಂಪ್ಲೇಟ್ ಕಳಿಸೋಕ ಮುಂಚೇನ ಹಿಡಿದು ಹೇಳ್ತಾರ, ಅದು ಮೆಚ್ಚಬೇಕು. 2025ರಿಂದ ಹೆಡರ್ ಕೊನಿಗೆ ಪಿ (ಪ್ರೊಮೋಷನ್), ಎಸ್ (ಸರ್ವೀಸ್), ಟಿ (ಟ್ರಾನ್ಸಾಕ್ಷನ್), ಜಿ (ಸರ್ಕಾರದ್ದು) ಅಂತ ಅಕ್ಷರ ಬರ್ತತಿ, ಹಂಗಾಗಿ ಗಿರಾಕಿಗೂ ಗೊತ್ತಾಗಿ ಬಿಡ್ತತಿ ಇದು ಜಾಹೀರಾತು ಅಂತ. ರಾತ್ರಿ 9 ಆದ್ಮ್ಯಾಲೆ ಪ್ರೊಮೋ ಒತ್ತಿದ್ರ ತಾನ ತಡದು ಮರುದಿನ ಬೆಳಿಗ್ಗೆ 10ಕ್ಕ ಬಿಡ್ತತಿ.

ಈಮೇಲ್ ಕಡೆ ಕಿರಿಕಿರಿ ಕಮ್ಮಿ. ಜಿಮೇಲ್‌ನೋರು 2024ರಿಂದ ದಿನಕ್ಕ 5000 ಮ್ಯಾಲೆ ಕಳಿಸೋರಿಗೆ ಒಂದೇ ಒತ್ತಿಗೆ ಅನ್‌ಸಬ್‌ಸ್ಕ್ರೈಬ್ ಕಡ್ಡಾಯ ಮಾಡ್ಯಾರ, ನಾವು ಅಷ್ಟು ದೊಡ್ಡೋರಲ್ಲ ಆದ್ರೂ ಇವ್ರು ಎಲ್ಲಾರ್ಗೂ ಹಾಕಿಕೊಟ್ಟಾರ. ಮೇಲ್ ಖರೇನ ನಮ್ಮ ಕಡಿಂದ ಬಂದದ್ದು ಅಂತ ತೋರ್ಸೋ ಡಿಕಿಮ್, ಎಸ್‌ಪಿಎಫ್ ಸೆಟ್ಟಿಂಗೂ ಫೋನ್‌ನ್ಯಾಗ ಕುಂತು ಮಾಡ್ಸಿದ್ರು.

ಈಗ ಬೈಯೋದು. ಕನ್ನಡದಾಗ ಎಸ್ಸೆಮ್ಮೆಸ್ ಬರದ್ರ ಒಂದು ಮೆಸೇಜಿಗೆ 70 ಅಕ್ಷರ, ಇಂಗ್ಲೀಷ್‌ನ್ಯಾಗ 160. ಒತ್ತು, ಗುಣಿತ, ಎಲ್ಲಾ ಬ್ಯಾರೆ ಬ್ಯಾರೆ ಎಣಿಸ್ತತಿ. ದುರ್ಗಮ್ಮನ ಸಿಡಿಬಂಡಿ ಟೈಮಿಗೆ ಕಳಿಸಿದ ಆಫರ್ರು ಮೂರು ಮೆಸೇಜಿನ ರೊಕ್ಕ ತಿಂತು, ಕಳಿಸೋಕ ಮುಂಚೆ ಪ್ಯಾನಲ್‌ನ್ಯಾಗ ಇದು ತೋರ್ಸಂಗಿಲ್ಲ. ಆದ್ರೂ ಕನ್ನಡದಾಗ ಕಳಸ್ತೀವಿ, "ನಿಲ್ಲಿಸಬೇಕಂದ್ರ ಹಿಂಗ ಮಾಡ್ರಿ" ಅನ್ನೋ ಸಾಲು ಮಂದಿಗೆ ತಿಳೀಬೇಕಲ್ರೀ.

ಇದಕ್ಕಿಂತ ದೊಡ್ಡ ತಕರಾರು ಅಂದ್ರ ಎಸ್ಸೆಮ್ಮೆಸ್ ಬ್ಯಾಡ ಅಂದೋನು ಮತ್ತ ಈಮೇಲ್ ಬ್ಯಾಡ ಅಂದೋನು ಒಬ್ಬನ ಆಗಿದ್ರೂ ಇವ್ರ ಲೆಕ್ಕದಾಗ ಇಬ್ಬರು. ಡೀಲರ್ ಒಬ್ಬ ಮೇಲ್ ನಿಲ್ಲಿಸ್ದ, ಅವನ ಫೋನಿಗೆ ಮೆಸೇಜ್ ಹೋಗ್ತಾನ ಇತ್ತು, ಸಿಟ್ಟಿಗೆದ್ದು ಅಂಗಡಿಗೇ ಫೋನ್ ಮಾಡ್ದ. ಈಗ ನಮ್ಮ ಹುಡುಗ ಶನಿವಾರ ಎರಡೂ ಲಿಸ್ಟ್ ಕೈಲೆ ಹೊಂದಸ್ತಾನ. ಬ್ಯಾಡ ಅಂದೋರನ್ನ 90 ದಿನ ಮತ್ತ ಒಪ್ಪಿಗಿ ಕೇಳಬಾರದು ಅಂತ ಟ್ರಾಯ್ ರೂಲ್ ಐತಿ, ಅದಕ್ಕೂ ಪ್ಯಾನಲ್‌ನ್ಯಾಗ ಲಾಕ್ ಇಲ್ಲ. ಕೇಳಿದ್ರ "ಮುಂದಿನ ಅಪ್‌ಡೇಟ್‌ನ್ಯಾಗ ಬರ್ತತಿ ಸರ್", ಎಷ್ಟು ಅಪ್‌ಡೇಟ್ ಬಂದು ಹೋದ್ವೋ.

ಲಿಸ್ಟ್ ಅರ್ಧಕ್ಕಿಂತ ಕಮ್ಮಿ ಆಗೇತಿ ನಿಜ, ಆದ್ರ ಮೆಸೇಜ್ ತೋರ್ಸಿ ಡಿಸ್ಕೌಂಟ್ ಕೇಳೋ ಗಿರಾಕಿ ಕಮ್ಮಿ ಆಗಿಲ್ಲ. ಈ ಸಲ ವರ್ಷದ ಪ್ಲಾನ್ ಬಿಟ್ಟು ಮೂರು ತಿಂಗಳದ್ದು ಕಟ್ತೀನಿ. ಹೊಸದಾಗಿ ತಗೊಳ್ಳೋರು ಯಾವ ಕಂಪನಿದಾದ್ರೂ ಡೆಮೋದಾಗ ಒಂದು ನಂಬರ್ ಕೊಟ್ಟು, ಇದರ ಒಪ್ಪಿಗಿ ತಾರೀಖು ಸಮೇತ ರಿಪೋರ್ಟ್ ತೆಗದು ತೋರ್ಸು ಅನ್ರಿ, ತಡವರಿಸಿದ್ರ ಎದ್ದು ಬರ್ರಿ.