ಬೇರ್ ಸ್ಪ್ರೇಗೆ ನಾಲ್ಕು ಸ್ಟಾರ್, ಅದರ ಜೊತೆ ಬಂದ ಚೀಲಕ್ಕೆ ಒಂದೂ ಜಾಸ್ತಿ

ಮೊದ್ಲೇ ಹೇಳ್ಬಿಡ್ತೀನಿ, ಬೇರ್ ಸ್ಪ್ರೇ ಅಂದ್ರೆ ಮೈಮೇಲೆ ಬರೋ ಕರಡಿ ಮೂತಿಗೆ ಹೊಡ್ಯೋ ಖಾರದ ಸ್ಪ್ರೇ, ಇದನ್ನ ಕರಡಿ ಮೇಲೆ ಹೊಡ್ದು ನೋಡಿಲ್ಲ, ಆ ಪುಣ್ಯ ನಂಗೆ ಬೇಡ್ವೂ ಬೇಡ. ಆದ್ರೆ ಸೆಪ್ಟೆಂಬರಲ್ಲಿ ಆರು ದಿನ ಅಮೆರಿಕಾದ ಮೊಂಟಾನಾದ ಗಾರ್ಡಿನರ್ ಹತ್ರ ಫ್ರೆಂಡ್ ಜೊತೆ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೋಗಿದ್ದೆ, ಯೆಲ್ಲೋಸ್ಟೋನ್ ಪಾರ್ಕ್ ಒಳಗೆ ಬೇಟೆ ಇಲ್ಲ, ಅದರ ಉತ್ತರಕ್ಕಿರೋ ನ್ಯಾಷನಲ್ ಫಾರೆಸ್ಟಲ್ಲಿ, ಅಷ್ಟೂ ದಿನ ಬೇರ್ ಸ್ಪ್ರೇ ಡಬ್ಬಿ ನನ್ ಮೈಮೇಲೇ ಇತ್ತು. ಬ್ರ್ಯಾಂಡ್ ಹೆಸ್ರು ಬರಿಯಲ್ಲ, ಯಾಕಂದ್ರೆ ಬೈಯೋದು ಜಾಸ್ತಿ ಇದೆ.

ಕರಡಿಗೆ ಎದುರಾಗ್ದೇ ಇರೋಕೆ ಪಾರ್ಕಲ್ಲಿ ಏನ್ ಹೇಳ್ತಾರೆ? ಗುಂಪಲ್ಲಿ ಹೋಗಿ, ಮಾತಾಡ್ತಾ ಹೋಗಿ, ನಸುಕಲ್ಲಿ ಮುಸ್ಸಂಜೇಲಿ ಓಡಾಡ್ಬೇಡಿ ಅಂತ. ಬಿಲ್ಲು ಹಿಡಿದು ಹೋಗೋರು ಮಾಡೋದು ಎಲ್ಲಾ ಉಲ್ಟಾ. ಬೆಳಗಾಗೋ ಮುಂಚೆ ಎದ್ದು, ಉಸಿರು ಬಿಗಿ ಹಿಡ್ಕೊಂಡು, ಗಿಡದ ಬಣ್ಣದ ಬಟ್ಟೆ ಹಾಕ್ಕೊಂಡು ಹೋಗ್ತಾರೆ. ಅದೂ ಸಾಲ್ದು ಅಂತ ನನ್ ಡ್ಯೂಟಿ ಏನ್ ಗೊತ್ತಾ, ಫ್ರೆಂಡ್ ಮುಂದೆ 40 ಗಜ ದೂರದಲ್ಲಿ ಬಾಣ ಇಟ್ಕೊಂಡು ನಿಂತಿದ್ರೆ ನಾನು ಹಿಂದೆ ಮರದ ಬುಡದಲ್ಲಿ ಕೂತು ರಬ್ಬರ್ ಪೀಪಿ ಬಾಯಲ್ಲಿಟ್ಕೊಂಡು ಹೆಣ್ಣು ಎಲ್ಕ್ ತರ ಕೂಗ್ಬೇಕು. ಅಂದ್ರೆ ಇಲ್ಲೊಂದು ಎಲ್ಕ್ ಒಂಟಿಯಾಗಿದೆ ಬನ್ರಪ್ಪೋ ಅಂತ ಕಾಡಿಗೆಲ್ಲ ಡಂಗುರ ಸಾರೋ ಕೆಲ್ಸ, ಆ ಡಂಗುರ ಗಂಡು ಎಲ್ಕ್‌ಗೆ ಮಾತ್ರ ಕೇಳ್ಸುತ್ತಾ? 1975ರಲ್ಲಿ ರಕ್ಷಿತ ಪಟ್ಟಿಗೆ ಸೇರಿದ ಮೇಲೆ ಈ ಕಡೆ ಗ್ರಿಜ್ಲಿ, ಅಂದ್ರೆ ದೊಡ್ಡ ಕಂದು ಕರಡಿ, ಚೆನ್ನಾಗೇ ಹೆಚ್ಚಿವೆ, ಚಳಿಗಾಲಕ್ಕೆ ಮೈ ತುಂಬ್ಕೊಳ್ಳೋ ಆತುರ ಬೇರೆ.

ಸ್ಪ್ರೇ ಬಗ್ಗೆ ಕಂಪ್ಲೇಂಟ್ ಇಲ್ಲ. ಇಪಿಎ (ಅಮೆರಿಕಾದ ಪರಿಸರ ಸಂಸ್ಥೆ) ರಿಜಿಸ್ಟ್ರೇಷನ್ ನಂಬರ್ ಇದೆ, ಮೆಣಸಿನಕಾಯಿ ಖಾರದ ಅಂಶ 2 ಪರ್ಸೆಂಟ್, ಸುಮಾರು 30 ಅಡಿ ಹೋಗುತ್ತೆ ಅಂತ ಡಬ್ಬಿ ಮೇಲಿದೆ. ಹೋಗೋ ಮುಂಚೆ ಖಾರ ಇಲ್ಲದ ಪ್ರಾಕ್ಟೀಸ್ ಡಬ್ಬಿ ತಂದು ಹಿತ್ತಲಲ್ಲಿ ಹೊಡ್ದು ನೋಡಿದ್ವಿ, ಎದುರುಗಾಳಿಗೆ ಅರ್ಧ ವಾಪಸ್ ನನ್ ಮೂತಿಗೇ ಬಂತು. ಇದು ಎಲ್ಕ್ ಬೇಟೆಗೆ ದೊಡ್ಡ ತಲೆನೋವು ಕಣ್ರೀ, ಎಲ್ಕ್‌ಗೆ ನಮ್ ವಾಸನೆ ಹತ್ತಬಾರದು ಅಂತ ಯಾವಾಗ್ಲೂ ಗಾಳಿ ಮುಖಕ್ಕೆ ಬರೋ ಹಾಗೇ ನಡೀತೀವಿ, ಸ್ಪ್ರೇಗೆ ಬೇಕಾಗಿದ್ದು ಬೆನ್ನಿಂದ ಬರೋ ಗಾಳಿ. ಇನ್ನೊಂದು, ಟೆಂಟ್ ಸುತ್ತ ಹೊಡ್ಕೊಂಡ್ರೆ ಕರಡಿ ಬರಲ್ಲ ಅನ್ಕೊಂಡಿರೋರು ದಯವಿಟ್ಟು ಹಾಗೆ ಮಾಡ್ಬೇಡಿ, ಒಣಗಿದ ಖಾರದ ವಾಸನೆಗೆ ಕರಡಿ ಹತ್ರ ಬರುತ್ತೆ, ಓಡಲ್ಲ.

ಈಗ ಚೀಲಕ್ಕೆ ಬರೋಣ. ಸೊಂಟದ ಬೆಲ್ಟಿಗೆ ಸಿಕ್ಕಿಸೋ ಚೀಲ, ಬ್ಯಾಗ್ ಹೆಗಲಿಗೇರಿಸಿ ಅದರ ಪಟ್ಟಿ ಬಿಗಿದ ತಕ್ಷಣ ಡಬ್ಬಿ ಅದರ ಕೆಳಗೆ ಹೂತೋಗುತ್ತೆ. ಗ್ರಿಜ್ಲಿ ಗಂಟೆಗೆ 50 ಕಿಲೋಮೀಟರ್ ಓಡುತ್ತೆ, ನಾನು ಪಟ್ಟಿ ಬಿಚ್ಕೊಂಡು ಕೂತ್ಕೊಳ್ಲಾ? ಮುಚ್ಚಳಕ್ಕೆ ವೆಲ್ಕ್ರೋ ಬೇರೆ. ಮೂರನೇ ದಿನ ಒಂದು ಗಂಡು ಎಲ್ಕ್ ಕೂಗ್ತಾ ಕೂಗ್ತಾ ಹತ್ರ ಬಂತು, ಕೊಂಬು ಕೊಂಬೆಗೆ ತಾಗೋ ಸದ್ದೂ ಕೇಳ್ತಿತ್ತು, ಅಷ್ಟರಲ್ಲಿ ಬಿದ್ದ ಮರದ ಕೆಳಗೆ ನುಸುಳ್ವಾಗ ಡಬ್ಬಿ ತಾನಾಗೇ ಹೊಡ್ಯದ ಹಾಗೆ ತಡೆಯೋ ಸೇಫ್ಟಿ ಕ್ಲಿಪ್ ಉದುರಿತೇನೋ ಅಂತ ಅನುಮಾನ ಬಂದು ಮುಚ್ಚಳ ಎಳ್ದೆ. ಪರ್ರ್ ಅಂತು. ಎಲ್ಕ್ ಹೋಯ್ತು. ಕ್ಲಿಪ್ಪೂ ಇರ್ಲಿಲ್ಲ. ಫ್ರೆಂಡ್ ಸಂಜೆವರೆಗೂ ಮಾತಾಡ್ಲಿಲ್ಲ. ಮಾರನೇ ದಿನ ಪೇಟೆಗೆ ಇಳಿದು ಹೊಸ ಡಬ್ಬಿ, ಎದೆಗೆ ಕಟ್ಟೋ ಪಟ್ಟಿ ತಗೊಂಡೆ, ಅದಕ್ಕೆ ಐದು ಸ್ಟಾರ್, ಒಂದೇ ಕೈಲಿ ಸದ್ದಿಲ್ದೆ ಬರುತ್ತೆ.

ಐದನೇ ಸಂಜೆ ಫ್ರೆಂಡ್‌ಗೊಂದು ಗಂಡು ಸಿಕ್ತು. ಪೂರ್ತಿ ಬೆಳೆದ ಗಂಡು ಎಲ್ಕ್ ಅಂದ್ರೆ 700 ಪೌಂಡ್ ಹತ್ರ ಬರುತ್ತೆ, ಇಬ್ರೇ ಒಂದೇ ರಾತ್ರೀಲಿ ಹೊರೋ ಮಾತೇ ಅಲ್ಲ. ತಲೆಗೆ ಟಾರ್ಚ್ ಕಟ್ಕೊಂಡು ಕುಯ್ದು, ಕರುಳೆಲ್ಲ ಅಲ್ಲೇ ಬಿಟ್ಟು, ತೊಡೆಗಳನ್ನ ಬಟ್ಟೆ ಚೀಲಕ್ಕೆ ಹಾಕಿ ದೂರ ಎಳ್ಕೊಂಡೋಗಿ ನೆಲದಿಂದ 10 ಅಡಿ ಮೇಲೆ, ಮರದ ಬೊಡ್ಡೆಯಿಂದ 4 ಅಡಿ ಆಚೆ ನೇತಾಕಿದ್ವಿ. ಅವನು ಕುಯ್ತಿದ್ದಾಗ ನಾನು ಮಾಡಿದ್ದು ಒಂದೇ, ಕೈಲಿ ಡಬ್ಬಿ ಹಿಡ್ಕೊಂಡು ಕತ್ಲಿಗೆ ಮುಖ ಮಾಡಿ ನಿಂತಿದ್ದು. ಬೆಳಗ್ಗೆ ಜೋರಾಗಿ ಮಾತಾಡ್ತಾ ವಾಪಸ್ ಬಂದು ದೂರದಿಂದ್ಲೇ ಬೈನಾಕ್ಯುಲರಲ್ಲಿ ನೋಡಿದ್ರೆ ಕರುಳು ಬಿಟ್ಟ ಜಾಗದಲ್ಲಿ ಮಣ್ಣು, ಹುಲ್ಲು, ಕಡ್ಡಿ ಕೆರೆದು ಗುಡ್ಡೆ ಹಾಕಿತ್ತು, ಪಕ್ಕದಲ್ಲಿ ಕಾಗೆ. ಅಂದ್ರೆ ಆ ಗುಡ್ಡೆ ಈಗ ಕರಡಿಯವರದ್ದು, ಯಜಮಾನ್ರು ಅಲ್ಲೇ ಪೊದೆಯಲ್ಲಿ ಮಲಗಿರ್ಬಹುದು. ಮಾಂಸ ಹಾಗೇ ನೇತಾಡ್ತಿತ್ತು. ಆ ಕಡೆ ತಿರುಗೂ ನೋಡ್ದೆ, ಸುತ್ತು ಹಾಕಿ, ಒಬ್ರು ಇಳಿಸೋದು ಒಬ್ರು ಕಾಯೋದು ಅಂತ ಮಾಡಿ, ಮೂರ್ಮೂರು ಸಲ ಹೊತ್ವಿ.

ವಿಮಾನದಲ್ಲಿ ಇದನ್ನ ಚೆಕ್-ಇನ್ ಲಗೇಜಲ್ಲೂ ಬಿಡಲ್ಲ, ಹಾಗಾಗಿ ಡಬ್ಬಿ ಫ್ರೆಂಡ್ ಮನೇಲೇ ಬಿಟ್ಟು ಬಂದೆ, ಎಕ್ಸ್‌ಪೈರಿ ಇನ್ನೂ 3 ವರ್ಷ ಇದೆ. ಚೀಲ ವಾಪಸ್ ಮಾಡ್ತೀನಿ ಅಂದ್ರೆ ಸ್ಪ್ರೇ ಬಿಟ್ಟು ಬರೀ ಚೀಲ ತಗೊಳಲ್ವಂತೆ. ಸದ್ಯಕ್ಕೆ ಅದ್ರಲ್ಲಿ ಛತ್ರಿ ಇಟ್ಕೊಂಡಿದೀನಿ.