ಹಳೆಯ ಯೆಜ್ಡಿ ಎಳೆಯುತ್ತಿಲ್ಲವೇ? ಎಂಜಿನ್ ಬಿಚ್ಚಲು ಬಿಡುವ ಮುನ್ನ ಇದನ್ನು ಓದಿ

ವರ್ಷಗಟ್ಟಲೆ ನಿಂತಿದ್ದ ಬೈಕನ್ನು ಬೇರೆ ಊರಿನಿಂದ ತರಿಸಿಕೊಂಡು, ಪಿಕಪ್ ಇಲ್ಲವೆಂದು ಗ್ಯಾರೇಜಿಗೆ ಒಯ್ಯುವವರು ಒಂದನ್ನು ಗಮನಿಸಿ. ಎಂಜಿನ್ನಿಗೆ ಪಾನಾ ಹಾಕುವ ಮೊದಲು ಮೆಕ್ಯಾನಿಕ್ ಸೈಲೆನ್ಸರಿನ ಹಿಂದೆ ಅಂಗೈ ಹಿಡಿದು ನೋಡಿದನೇ? ನೋಡದಿದ್ದರೆ ಗಾಡಿಯನ್ನು ತಳ್ಳಿಕೊಂಡಾದರೂ ಸರಿ, ಮನೆಗೆ ವಾಪಸು ತನ್ನಿ. ನಮ್ಮ ಯೆಜ್ಡಿಗೆ ಆ ಪರೀಕ್ಷೆ ಆಗಲಿಲ್ಲ. ಬದಲಿಗೆ 18,000 ರೂಪಾಯಿಯ ಬಿಲ್ಲು ಬಂತು, ಚೆನ್ನಾಗಿದ್ದ ಸಿಲಿಂಡರಿಗೆ ಬೋರ್ ಆಯಿತು (ಅಂದರೆ ಒಳಗೋಡೆ ಕೊರೆದು ಅಗಲ ಮಾಡಿದರು), ರೋಗ ಮಾತ್ರ ಇದ್ದಲ್ಲೇ ಇತ್ತು.

ಗಾಡಿ ನನ್ನ ಸೋದರಮಾವನದು. ಸುರತ್ಕಲ್ಲಿನಲ್ಲಿ ಕೆಲಸದಲ್ಲಿದ್ದಷ್ಟು ಕಾಲ ಅದನ್ನೇ ಓಡಿಸಿದರು. ಮಂಡಿ ನೋವು ಶುರುವಾದ ಮೇಲೆ ಅದು ಶೆಡ್ಡಿನ ಮೂಲೆ ಸೇರಿತು. ಅಲ್ಲಿನ ಮನೆ ಮಾರುವಾಗ, "ಹುಟ್ಟಿದ ಊರಿಗೇ ಹೋಗಲಿ ಬಿಡು" ಎಂದು ನನಗೆ ಕೊಟ್ಟರು. ಯೆಜ್ಡಿ ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿದ್ದರೂ ಈ ಗಾಡಿಗಳ ನಾಡಿ ಬಲ್ಲವರು ಮೈಸೂರಿನಲ್ಲಿ ಇನ್ನೂ ಇದ್ದಾರೆ. ಬಲ್ಲೆವೆಂದು ಹೇಳಿಕೊಳ್ಳುವವರು ಅದಕ್ಕಿಂತ ಹೆಚ್ಚು ಇದ್ದಾರೆ.

ಲಾರಿಯಿಂದ ಇಳಿಸಿ, ಹೊಸ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿದೆವು. ಕಿಕ್ ಹೊಡೆದಾಗ ಹತ್ತಿಕೊಂಡಿತು. ನಿಂತಲ್ಲಿ ಸದ್ದು ಚೆಂದವಾಗಿಯೇ ಇತ್ತು. ರಸ್ತೆಗೆ ಇಳಿಸಿದ ಮೇಲೆ ಗೊತ್ತಾಯಿತು: ಎಕ್ಸಲರೇಟರ್ ಅರ್ಧ ದಾಟಿಸಿದರೆ ಗೊರಗೊರ ಎನ್ನುತ್ತದೆಯೇ ಹೊರತು ವೇಗ ಏರುವುದಿಲ್ಲ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಸೆಕೆಂಡ್ ಗೇರಿಗೇ ಉಸಿರು ಕಟ್ಟಿತು. ವ್ಯಾಯಾಮಕ್ಕೆ ಬಂದ ಸೈಕಲ್ ಸವಾರರು ನಮಸ್ಕಾರ ಮಾಡಿ ಮುಂದೆ ಹೋದರು.

ಗ್ಯಾರೇಜಿನವನ ಮೊದಲ ರೋಗನಿರ್ಣಯ ಹೀಗಿತ್ತು: "ಇದು ಕರಾವಳಿಯ ಗಾಡಿ ಸರ್. ಇಲ್ಲಿ ಎತ್ತರ ಜಾಸ್ತಿ, ಗಾಳಿ ತೆಳು. ಜೆಟ್ ಬದಲಿಸಬೇಕು." ಜೆಟ್ ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲಿನ ಅಳತೆ ನಿಗದಿಮಾಡುವ ಸಣ್ಣ ತೂತಿನ ಬಿಡಿಭಾಗ. ಮಾತು ಕೇಳಲು ವಿಜ್ಞಾನದ ಪಾಠದಂತಿದೆ, ಅರ್ಧ ಸತ್ಯವೂ ಹೌದು. ಮೈಸೂರು ಸಮುದ್ರಮಟ್ಟದಿಂದ 750 ಮೀಟರಿಗಿಂತ ಮೇಲಿದೆ. ಆದರೆ ಅಷ್ಟು ಎತ್ತರಕ್ಕೆ ಎಂಜಿನ್ ಕಳೆದುಕೊಳ್ಳುವುದು ನೂರಕ್ಕೆ ಏಳೆಂಟು ಪಾಲು ಶಕ್ತಿಯನ್ನು, ಅಂದರೆ 12 ಅಶ್ವಶಕ್ತಿಯ ಗಾಡಿಯಲ್ಲಿ ಸುಮಾರು ಒಂದು. ಅರ್ಧ ಬಲವೇ ಮಾಯವಾಗಿದ್ದರೆ ಕಾರಣ ಊರಿನ ಎತ್ತರವಲ್ಲ. ಈ ಯೆಜ್ಡಿಗಳು ಮೈಸೂರಿನ ಗಾಳಿಯಲ್ಲೇ ತಯಾರಾದವು ಎಂಬುದಾದರೂ ಆತನಿಗೆ ಹೊಳೆಯಬೇಕಿತ್ತು.

ಜೆಟ್ ಬದಲಾಯಿತು, ಫಲವಿಲ್ಲ. ಮರುದಿನ ಫೋನು: "ಬೋರ್ ಹೋಗಿದೆ ಸರ್, ಎಂಜಿನ್ ಆಗಲೇ ಬಿಚ್ಚಿದ್ದೇನೆ." ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ನೋಡಿದೆಯಾ ಎಂದು ಕೇಳಿದರೆ, ಕಿಕ್ಕಿನ ಬಿಗಿಯಲ್ಲೇ ತನಗೆ ತಿಳಿಯುತ್ತದೆ ಎಂದ. ಲೇತಿನಲ್ಲಿ ಸಿಲಿಂಡರ್ ಕೊರೆಸಿ ಓವರ್‌ಸೈಜ್ ಪಿಸ್ಟನ್ ಹಾಕಿದ್ದಾಯಿತು. ಆಮೇಲೂ ಗಾಡಿ ಎಳೆಯದಿದ್ದಾಗ ಬಂದ ಉತ್ತರವನ್ನು ಎಲ್ಲರೂ ನೆನಪಿಡಬೇಕು: "ಹೊಸ ಪಿಸ್ಟನ್ ಸರ್, ಸಾವಿರ ಕಿಲೋಮೀಟರ್ ಮೆಲ್ಲಗೆ ಓಡಿಸಿ, ತಾನೇ ಬಿಡುತ್ತದೆ." ಬೋರ್ ಆದ ಎಂಜಿನ್ನನ್ನು ಮೊದಲು ಮೆಲ್ಲಗೆ ಓಡಿಸಬೇಕು, ನಿಜ. ಆದ್ದರಿಂದಲೇ ಆ ಮಾತಿನ ಹಿಂದೆ ಯಾವ ತಪ್ಪನ್ನಾದರೂ ಬಚ್ಚಿಡಬಹುದು. ಸಾವಿರ ಕಿಲೋಮೀಟರ್ ಮುಗಿಯುವ ಹೊತ್ತಿಗೆ ಬಿಲ್ಲು ಎಲ್ಲಿಟ್ಟಿದ್ದೇವೆಂಬುದೇ ಮರೆತಿರುತ್ತದೆ.

ಹಳೆಯ ಪಿಸ್ಟನ್ ಕೇಳಿದೆ. ಗುಜರಿಗೆ ಹೋಯಿತಂತೆ. ಕಾರ್ಖಾನೆಯ ಕಾಲದ ಅಸಲಿ ಪಿಸ್ಟನ್ನಿಗೆ ಇವತ್ತು ಗಿರಾಕಿಗಳಿದ್ದಾರೆ; ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ಕೊನೆಗೆ ನಮ್ಮೂರು ಮಂಡ್ಯಕ್ಕೇ ಒಯ್ಯೋಣವೆಂದು ಹೊರಟೆ. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ರಸ್ತೆಯ ಮುಖ್ಯ ಪಥಕ್ಕೆ ಬೈಕುಗಳು ಹೋಗುವಂತಿಲ್ಲ, ಹಾಗಾಗಿ ಸರ್ವಿಸ್ ರಸ್ತೆ. ಇಂಥ ಗಾಡಿಗೆ ಅದೇ ಕ್ಷೇಮ. ಶ್ರೀರಂಗಪಟ್ಟಣ ದಾಟಿದ ಮೇಲೆ ಎಂಜಿನ್ ಆಫ್ ಆಯಿತು. ಪೆಟ್ರೋಲ್ ಇದೆಯೇ ನೋಡೋಣವೆಂದು ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ಉಸ್ಸೆಂದು ಗಾಳಿ ಒಳಗೆ ನುಗ್ಗಿತು. ಸ್ವಲ್ಪ ಹೊತ್ತು ಬಿಟ್ಟು ಕಿಕ್ ಹೊಡೆದರೆ ಏನೂ ಆಗದಂತೆ ಹತ್ತಿಕೊಂಡಿತು. ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ರಂಧ್ರವಿರುತ್ತದೆ. ತುಕ್ಕು, ದೂಳು ಕಟ್ಟಿ ಅದು ಮುಚ್ಚಿದರೆ ಪೆಟ್ರೋಲ್ ಕೆಳಗಿಳಿಯುವುದಿಲ್ಲ. ಸೂಜಿಯಿಂದ ಚುಚ್ಚಿದರೆ ಮುಗಿಯುವ ಕೆಲಸ ಅದು.

ಮಂಡ್ಯದ ಹಳೆಯ ಮೆಕ್ಯಾನಿಕ್ ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ ಬ್ರೇಕ್ ಹಿಡಿದಿಲ್ಲವೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ಗಾಡಿ ಸ್ಟಾರ್ಟ್ ಮಾಡಿಸಿ, ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಎರಡೂ ಸೈಲೆನ್ಸರಿಗೆ ಒಂದೊಂದು ಅಂಗೈ ಹಿಡಿದರು. "ಮೇಷ್ಟ್ರೇ, ನೀವೂ ಹಿಡಿಯಿರಿ" ಎಂದರು. ಬಲಗಡೆ ಹೊಗೆ ಅಂಗೈಗೆ ಬಡಿದು ಆಯಿಲಿನ ಕಪ್ಪು ಹನಿ ಕೂರಿಸಿತು. ಎಡಗಡೆ ಬೆಚ್ಚನೆಯ ಉಸಿರಷ್ಟೇ.

ಈ ಯೆಜ್ಡಿಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಒಂದು ಕಟ್ಟಿಕೊಂಡರೂ ಇನ್ನೊಂದರಿಂದ ಹೊಗೆ ಹೋಗುವುದರಿಂದ ಗಾಡಿ ಸಾಯುವುದಿಲ್ಲ, ಸೊರಗುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಸುಟ್ಟ ಹೊಗೆ ಹೊರಹೋಗುವುದು, ಹೊಸ ಪೆಟ್ರೋಲ್ ಗಾಳಿ ಒಳಬರುವುದು ಹೆಚ್ಚುಕಡಿಮೆ ಒಟ್ಟೊಟ್ಟಿಗೇ. ಹಿಂದಿನ ದಾರಿ ಕಟ್ಟಿದರೆ ಹೊಸದಕ್ಕೆ ಜಾಗವಿಲ್ಲ. ಐಡ್ಲಿಂಗಿಗೆ ಬೇಕಾದದ್ದು ಅಲ್ಪ, ಹಾಗಾಗಿ ನಿಂತಲ್ಲಿ ಏನೂ ತಿಳಿಯುವುದಿಲ್ಲ. ಬಲ ಕೇಳಿದಾಗಲೇ ಬಣ್ಣ ಬಯಲಾಗುವುದು.

ಎಡಗಡೆಯ ಬ್ಯಾಫಲ್, ಅಂದರೆ ಸೈಲೆನ್ಸರಿನೊಳಗಿನ ಸದ್ದಡಗಿಸುವ ಕೊಳವೆ, ಹೊರಗೆ ಎಳೆದು, ಗೋಣಿಚೀಲದ ಮೇಲಿಟ್ಟು ತಟ್ಟಿದರು. ಮೊದಲು ಕರಿ ಉದುರಿತು, ಆಮೇಲೆ ಮಣ್ಣಿನ ಹೆಂಟೆ. ಒಡೆದರೆ ಒಳಗೆ ಬೆರಳುಗಾತ್ರದ ಕೋಣೆಗಳು, ಅವುಗಳಲ್ಲಿ ಒಣಗಿದ ಜೇಡದ ಕಾಲುಗಳು. ಕಣಜದ ಹುಳು ಮರಿಗಳಿಗೆ ಆಹಾರ ಕೂಡಿಟ್ಟು ಕಟ್ಟಿದ ಗೂಡು. ಮಣ್ಣು ಕರಾವಳಿಯ ಅಚ್ಚ ಕೆಂಪು. ರೋಗ ಸುರತ್ಕಲ್ಲಿನ ಶೆಡ್ಡಿನಿಂದಲೇ ಗಾಡಿಯ ಜೊತೆ ಬಂದಿತ್ತು, ಮೈಸೂರಿನ ಗಾಳಿಯ ಮೇಲೆ ಸುಮ್ಮನೆ ಅಪವಾದ. ಎರಡೂ ಬ್ಯಾಫಲ್ ಸುಟ್ಟು ಕರಿ ತೆಗೆದು, ಮುಚ್ಚಳದ ರಂಧ್ರ ಬಿಡಿಸಿ, ಮೊದಲಿದ್ದ ಅಳತೆಯ ಜೆಟ್ಟನ್ನೇ ಮತ್ತೆ ಕೂರಿಸಿದರು. ಅವರು ಕೇಳಿದ ಹಣ ಹೇಳಿದರೆ ಆ ಗ್ಯಾರೇಜಿನವನಿಗೆ ನಾಚಿಕೆಯಾಗಬೇಕು, ಆಗಲಾರದು. ಗಾಡಿ ಈಗ ಬೆಟ್ಟ ಹತ್ತುತ್ತದೆ. ಕೊರೆದ ಸಿಲಿಂಡರ್ ಮಾತ್ರ ಹಿಂದಿನಂತಾಗುವುದಿಲ್ಲ. ಅದನ್ನು ಎಷ್ಟು ಸಲ ಕೊರೆಸಬಹುದು ಎಂಬುದಕ್ಕೆ ಮಿತಿಯಿದೆ, ಅದರಲ್ಲೊಂದು ದಂಡವಾಯಿತು.

ಆದ್ದರಿಂದ ನಿಂತ ಗಾಡಿಯಾದರೆ ಹೊಗೆಯ ದಾರಿ, ಟ್ಯಾಂಕಿನ ಮುಚ್ಚಳ, ಏರ್ ಫಿಲ್ಟರಿನೊಳಗಿನ ಇಲಿಗೂಡು, ಅಂಟಿಕೊಂಡ ಬ್ರೇಕ್, ಇವನ್ನು ಮೊದಲು ನೋಡಿಸಿ. ಪೆಟ್ರೋಲ್ ಪೈಪನ್ನು ಕಾರ್ಬುರೇಟರಿನಿಂದ ಕಳಚಿ ಬಾಟಲಿಗೆ ಬಿಟ್ಟರೆ ಧಾರೆ ಕಡಿಯದೆ ಬೀಳಬೇಕು. ತೊಟ್ಟಿಕ್ಕಿದರೆ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್‌ನ ಜಾಲರಿಯಲ್ಲಿ ತುಕ್ಕು ಕೂತಿದೆ. ಹಳೆಯ ರಬ್ಬರ್ ಪೈಪನ್ನು ಎಥೆನಾಲ್ ತಡೆಯುವ ಪೈಪಿಗೆ ಬದಲಿಸಿ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥೆನಾಲ್ ಇರುತ್ತದೆ, ಅದು ತೇವ ಹೀರುತ್ತದೆ, ಆ ಕಾಲದ ರಬ್ಬರನ್ನು ತಿನ್ನುತ್ತದೆ. ಎಥೆನಾಲಿಗೆ ಬೇಕಾದ ಕಬ್ಬಿನ ಜಿಲ್ಲೆಯವನಾಗಿ ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಕಾರ್ಬುರೇಟರ್ ಬರಿದು ಮಾಡಿಯೇ ನಿಲ್ಲಿಸಿ. ಗ್ಯಾರೇಜಿಗೆ ಬಿಡುವಾಗ, ಕೇಳದೆ ಎಂಜಿನ್ ಬಿಚ್ಚಕೂಡದು, ಬಿಚ್ಚಿದ್ದೆಲ್ಲ ವಾಪಸು ಬೇಕು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಎಂಜಿನ್ ಬಿಚ್ಚಲೇಬೇಕಾದ ಸಂದರ್ಭವೂ ಇದೆ. ನಿಂತು ನಿಂತು ಕ್ರ್ಯಾಂಕಿನ (ಎಂಜಿನ್ನಿನೊಳಗೆ ತಿರುಗುವ ದಂಡದ) ಆಯಿಲ್ ಸೀಲ್ ಗಟ್ಟಿಯಾಗಿರುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಕಡಿಮೆಯಾಗುತ್ತಾ ಬಿಳಿ ಹೊಗೆ ನಿಲ್ಲದೆ ಬರುತ್ತದೆ. ಮ್ಯಾಗ್ನೆಟ್ ಕಡೆಯದು ಹೋದರೆ ಎಕ್ಸಲರೇಟರ್ ಬಿಟ್ಟರೂ ಎಂಜಿನ್ ಕೂಗು ಇಳಿಯುವುದಿಲ್ಲ, ಪ್ಲಗ್ ಬೆಳ್ಳಗಾಗುತ್ತದೆ, ಪಿಸ್ಟನ್ ಕಾದು ಸಿಲಿಂಡರಿಗೆ ಹಿಡಿದುಕೊಳ್ಳಬಹುದು. ಹಾಗಿದ್ದರೆ ಗ್ಯಾರೇಜಿನವರೆಗೂ ಓಡಿಸಬೇಡಿ, ಟೆಂಪೋದಲ್ಲಿ ಹಾಕಿಸಿ.